ತಾತನ ಬೆನ್ನ ಹಿಂದಿನ ತೂತು

ನನ್ನದು ಕಾಗೆಕಾಲು ಗುಬ್ಬಿಕಾಲು ಅಕ್ಷರ, ಮಾತೂ ಸಾಲದು. ಓದುವವರು, ಅಚ್ಚುಮೊಳೆ ಜೋಡಿಸುವ ಅಣ್ಣಂದಿರು ಮೊದಲೇ ಕ್ಷಮಿಸಿಬಿಡಬೇಕು. ಮಿಡ್ಲ್ ಸ್ಕೂಲಿನಲ್ಲಿ ಇನ್ಸ್‌ಪೆಕ್ಟರು ಹೆಸರು ಕೇಳಿದಾಗ ಹೆದರಿ ಪಕ್ಕದವಳ ಹೆಸರು ಹೇಳಿಬಿಟ್ಟವಳು ನಾನು! ಮಾರನೆಯ ದಿನದಿಂದ ಶಾಲೆಗೆ ಹೋಗಲಿಲ್ಲ. ಆದರೆ ಕೈಕೆಲಸದಲ್ಲಿ ಈ ಪುಟ್ಟಮಲ್ಲಮ್ಮನನ್ನು ಮೀರಿಸುವವರು ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ಇಲ್ಲ ಎಂದುಕೊಂಡಿದ್ದೆ. ಈ ಯುಗಾದಿಯ ತನಕ.

ಕನ್ನಡನಾಡೆಲ್ಲ ಒಂದಾದ ವರ್ಷವೇ ನಮ್ಮ ಮನೆ ಎರಡಾಯಿತು. ಅಪ್ಪ ಮತ್ತು ಚಿಕ್ಕಪ್ಪ ಮರಿಮಲ್ಲಪ್ಪ ನಡುಮನೆಗೆ ಅಡ್ಡಲಾಗಿ ನಾಲ್ಕು ಬೆರಳು ದಪ್ಪದ ಗೋಡೆ ಎಬ್ಬಿಸಿ ಮಾತು ಬಿಟ್ಟರು. ಹಂಡೆ, ಒನಕೆ, ಎಮ್ಮೆ ಎಲ್ಲ ಪಾಲಾದವು. ಪಾಲಾಗದೆ ಉಳಿದದ್ದು ತಾತನ ಫೋಟೋ ಒಂದೇ. ತಾತ ಚಾಮರಾಜನಗರಕ್ಕೆ ಗಾಡಿ ಕಟ್ಟಿಕೊಂಡು ಹೋಗಿ, ಜೀವಮಾನದಲ್ಲಿ ಒಂದೇ ಸಲ ತೆಗೆಸಿಕೊಂಡ ಫೋಟೋ ಅದು. ಪಂಚಾಯ್ತಿಯವರು ತೀರ್ಪು ಕೊಟ್ಟರು: ಯುಗಾದಿಯಿಂದ ದೀಪಾವಳಿವರೆಗೆ ನಮ್ಮಲ್ಲಿ, ದೀಪಾವಳಿಯಿಂದ ಯುಗಾದಿವರೆಗೆ ಅವರಲ್ಲಿ. ಫೋಟೋ ತೂಗುಹಾಕುವ ಹಿತ್ತಾಳೆ ತಿರುಪೂ ಜೊತೆಗೇ ಹೋಗತಕ್ಕದ್ದು. ಯಾರ ಮನೆಯಲ್ಲಿ ಗಾಜು ಒಡೆಯುತ್ತದೋ ಅವರಿಗೆ ಮುಂದೆ ತಾತನ ಮೇಲೆ ಹಕ್ಕಿಲ್ಲ!

ಇಬ್ಬರೂ ಫೋಟೋ ಹಾಕುತ್ತಿದ್ದುದು ಆ ಅಡ್ಡಗೋಡೆಗೇ, ಅದೂ ನಟ್ಟನಡುವೆ. ಏಕೆಂದರೆ ಆಗ ತಾತ ಆಚೆ ಮನೆಗೆ ಬೆನ್ನು ತಿರುಗಿಸಿ ಕೂತ ಹಾಗಾಗುತ್ತದೆ. ಅದೊಂದು ಸಮಾಧಾನ!

ಯುಗಾದಿಯ ಬೆಳಿಗ್ಗೆ ಚಿಕ್ಕಪ್ಪ ಫೋಟೋವನ್ನೂ ತಿರುಪನ್ನೂ ನಮ್ಮ ಜಗಲಿಯ ಮೇಲಿಟ್ಟು ಒಮ್ಮೆ ಕೆಮ್ಮಿ ಹೋದರು. ಅದೇ ಹಸ್ತಾಂತರ. ಅಪ್ಪ ತಿರುಪನ್ನು ತೂತಿಗಿಟ್ಟು ತಿರುಗಿಸಿದರು. ವರ್ಷವರ್ಷವೂ ಹಾಕಿ ತೆಗೆದು ತೂತು ಸವೆದಿತ್ತು. ತಿರುಪು ಗಾಣದೆತ್ತಿನ ಹಾಗೆ ಸುತ್ತಿತೇ ಹೊರತು ಕಚ್ಚಲಿಲ್ಲ.

"ಸಂಜೆಗೆ ಸೋಮಯ್ಯಾಚಾರಿ ಬತ್ತನೆ. ಅಲ್ಲೀಗಂಟ ಯಾರೂ ಮುಟ್ಬ್ಯಾಡಿ" ಎಂದು ಹೇಳಿ, ವರ್ಷದ ಮೊದಲ ಉಳುಮೆಯ ಹೊನ್ನಾರು ಹೂಡಲು ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದರು.

ಒಂದು ತೂತಿಗೆ ಒಬ್ಬ ಆಚಾರಿಯೇ? ಮನೆಯಲ್ಲಿ ನಾನಿಲ್ಲವೇ!

ತೂತಿನೊಳಗೆ ಹಳೆಯ ಮರದ ಬಿರಡೆಯೊಂದಿತ್ತು. ರೋಗದ ಮೂಲ ಅದೇ ಎಂದು ಬಗೆದು ಕಿತ್ತೆಸೆದೆ. ತೂತು ಈಗ ಹೆಬ್ಬೆರಳು ಹಿಡಿಸುವಷ್ಟಾಯಿತು. ನಿನ್ನೆಯ ರಾಗಿಮುದ್ದೆ ತುರುಕಿ ತಿರುಪು ಚುಚ್ಚಿದೆ. ಐದು ಎಣಿಸುವಷ್ಟರಲ್ಲಿ ಜಾರಿ ಕಾಲ ಮೇಲೆ ಬಿತ್ತು. ಮುದ್ದೆ ಮೆತ್ತಗಾಯಿತು, ಗಟ್ಟಿಯಾದದ್ದು ಬೇಕು ಎಂದು ಅಪ್ಪನ ಪೂಜೆಯ ವಿಭೂತಿಗಟ್ಟಿಯನ್ನೇ ಕೆತ್ತಿ ತುಂಬಿದೆ. ಸುಣ್ಣದ ಗೋಡೆಗೆ ಬಣ್ಣವೇನೋ ಒಪ್ಪಿತು. ತಿರುಪು ತಗುಲಿದ್ದೇ ತಡ, ಎಲ್ಲ ಪುಡಿಯಾಗಿ ನನ್ನ ತಲೆಯ ಮೇಲೆ ಸುರಿಯಿತು.

ಅವ್ವ ಅಡಿಗೆಮನೆಯಿಂದ ಇಣುಕಿದಳು. "ಇದೇನಮ್ಮಿ, ತಲೆಗೆಲ್ಲ ಈಬೂತಿ?"

"ಹಬ್ಬ ಅಲ್ವೇನವ್ವ..."

"ಇಸ್ಟು ಭಕ್ತಿ ನಿಂಗೆ ಯಾವಾಗ ಬಂತು?" ಎನ್ನುತ್ತ ಅವ್ವ ಒಳಗೆ ಹೋದಳು. ಕಣಜಕ್ಕೆ ಒರಗಿಸಿಟ್ಟಿದ್ದ ತಾತ ರುಮಾಲಿನ ಕೆಳಗಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು.

ಹುಣಸೆಕಡ್ಡಿಯನ್ನು ಮೂರು ಸಲ ಅಳತೆ ನೋಡಿ ಕೆತ್ತಿದೆ. ತೂತಿಗಿಟ್ಟು ಗುಂಡುಕಲ್ಲಿನಿಂದ ಮೆಲ್ಲಗೆ ಬಡಿದೆ. ಒಂದು. ಎರಡು. ಮೂರನೆಯ ಏಟಿಗೆ ಬಿರಡೆ ಮಾಯ! ಆಚೆ ಕಡೆ ಗೋಡೆಯ ನಟ್ಟನಡುವೆ ಚಿಕ್ಕಪ್ಪನ ತೂತೂ ಇತ್ತಲ್ಲ, ಎರಡೂ ಕೂಡಿಕೊಂಡಿದ್ದವು.

"ಅಯ್ಯೋ ಶಿವನೇ! ಒಬ್ಬಟ್ಟಿನ ಹೂರ್ಣಕ್ಕೆ ಏನೋ ಬಿತ್ತಲ್ಲಪ್ಪ!"

ಚಿಕ್ಕಪ್ಪನ ಹೆಂಡತಿ, ನಮ್ಮ ಚಿಕ್ಕವ್ವ ಗುರುಮಲ್ಲಮ್ಮನ ಧ್ವನಿ. ಮರುಗಳಿಗೆ ತೂತಿನಲ್ಲಿ ಒಂದು ಕಣ್ಣು ಕಾಣಿಸಿತು.

"ಯಾರದು? ಪುಟ್ಟಿಯೇನಮ್ಮಿ?"

ಆ ಮನೆಯವರ ಜೊತೆ ಮಾತಾಡಿದರೆ ನಾಲಿಗೆ ಕೀಳುತ್ತೇನೆ ಎಂದಿದ್ದರು ಅಪ್ಪ. "ಊಂ" ಎಂದೆ. ಊಂ ಎನ್ನಲು ನಾಲಿಗೆ ಬೇಕಿಲ್ಲ.

"ಗೋಡೆ ತೂತು ಮಾಡ್ಬುಟ್ಟೆಯಲ್ಲಮ್ಮಿ! ನಿಮ್ ಚಿಕ್ಕಪ್ಪ ನೋಡುದ್ರೆ, ಅಣ್ಣ ನಮ್ ಮನೆ ಇಣುಕಕ್ಕೆ ಕಂಡಿ ಕೊರದವ್ನೆ ಅಂತ ಪಂಚಾಯ್ತಿ ಕೂಡಿಸ್ತನೆ!"

ನಾನು ಅಳತೊಡಗಿದೆ. ಚಿಕ್ಕವ್ವನ ಕಣ್ಣು ಹೋಗಿ ಬಾಯಿ ಬಂತು. "ಅಳಬ್ಯಾಡ ಕಣಮ್ಮಿ. ನಮ್ ಕಡೆ ತೂತೂ ಸವದೇ ಹೋಗಿತ್ತು. ಹತ್ತಿ ತುರುಕಿ ಆರು ತಿಂಗಳು ತಳ್ಳಿವ್ನಿ. ಫೋಟೋ ಎಲ್ಲಿ ಬಿದ್ದೋಯ್ತದೋ ಅಂತ ಕಣ್ಣು ಮುಚ್ಚಿದೋಳಲ್ಲ. ಇರು, ಗಾಡಿ ಬೋಲ್ಟು ತತ್ತೀನಿ."

ತೂತಿನಿಂದ ಗೇಣುದ್ದದ ಬೋಲ್ಟು ಮೂಗು ತೂರಿಸಿತು. ಅದರ ತಲೆಯನ್ನು ಚಿಕ್ಕವ್ವ ಆ ಕಡೆಯಿಂದ ಇಕ್ಕಳದಲ್ಲಿ ಹಿಡಿದಳು. ನಾನು ಈ ಕಡೆ ವಾಷರು ಹಾಕಿ ನಟ್ಟು ಬಿಗಿದೆ. ನಟ್ಟಿನ ಮುಂದೆ ಚಾಚಿದ್ದ ಕಬ್ಬಿಣಕ್ಕೆ ತಾತನನ್ನು ತೂಗುಹಾಕಿದೆ. ಅಲುಗಲಿಲ್ಲ!

ಮಧ್ಯಾಹ್ನ ಅಪ್ಪ ಬಂದು ಫೋಟೋ ಅಲ್ಲಾಡಿಸಿ ನೋಡಿದರು. "ಯಾರಮ್ಮಿ ಹಾಕ್ದೋರು?"

"ನಾನೇ ಕಣಪ್ಪ."

"ಭೇಷ್! ಆ ಮನೆಯೋರು ಒಂದ್ ಸಲನಾದ್ರೂ ಹಿಂಗೆ ಹಾಕವ್ರಾ?"

ನನ್ನ ಎದೆ ಉಬ್ಬಿತು. ಉಬ್ಬಿದ ಎದೆ ಇಳಿಯುವ ಮೊದಲೇ ಗೋಡೆಯಾಚೆ ಚಿಕ್ಕಪ್ಪನ ಧ್ವನಿ ಕೇಳಿಸಿತು. "ಇದ್ಯಾವುದ್ಲೇ ಕಬ್ಬುಣ, ನನ್ ಗೋಡೆ ಮ್ಯಾಲೆ? ತತ್ತಾ ಇಕ್ಕಳ!"

"ಬ್ಯಾಡ ಕಣ್ರೀ" ಎಂದಳು ಚಿಕ್ಕವ್ವ. ಅಷ್ಟರಲ್ಲಿ ಇಕ್ಕಳ ತಿರುಗಿತ್ತು. ನಮ್ಮ ಕಡೆ ನಟ್ಟು ಗೋಡೆಗೆ ಕಚ್ಚಿಕೊಂಡೇ ಇತ್ತು. ಬೋಲ್ಟು ಮಾತ್ರ ಬಸವನಹುಳದ ಕೋಡಿನ ಹಾಗೆ ಒಳಗೆ ಸರಿಯತೊಡಗಿತು. ತಾತ ಒಂದು ಕಡೆಗೆ ವಾಲಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಮರಿಯಾ!" ಅಪ್ಪ ಎರಡೂ ಕೈಯಲ್ಲಿ ಫೋಟೋ ಅಪ್ಪಿ ಹಿಡಿದು ಕೂಗಿದರು. "ತಿರುಗುಸ್ಬ್ಯಾಡ ಕಣ್ಲಾ! ಅಪ್ಪಯ್ಯ ಬಿದ್ದೋಯ್ತನೆ!"

ಎರಡೂವರೆ ವರ್ಷದಲ್ಲಿ ಗೋಡೆ ದಾಟಿದ ಮೊದಲ ಮಾತು ಅದು. ಇಕ್ಕಳದ ಸದ್ದು ನಿಂತು, ಆಚೆಯಿಂದ ಮೆಲ್ಲಗೆ ಬಂತು: "ಹಿಡ್ಕಂಡಿವ್ನಿ ಬುಡಣ್ಣ."

"ಬಿಗಿ ಹಿಡ್ಕೊ. ನಾನು ನಟ್ಟು ತಿರುಗುಸ್ತೀನಿ."

"ಊಂ."

ಆಮೇಲೆ ಚಿಕ್ಕಪ್ಪ ನಮ್ಮ ಹೊಸಿಲು ದಾಟಿ ಬಂದರು. ತಾತನನ್ನು ನೋಡಲಿಲ್ಲ, ನಟ್ಟು ನೋಡಿದರು. "ಇದು ನನ್ ಗಾಡಿ ಬೋಲ್ಟು" ಎಂದರು. ಅಪ್ಪ, "ಒಬ್ಬಟ್ಟು ತಿನ್ನು" ಎಂದರು. ಬೋಲ್ಟಿನ ವ್ಯಾಜ್ಯ ಅಲ್ಲಿಗೆ ಮುಗಿಯಿತು.

ನಾನು ಬಾಗಿಲ ಸಂದಿಯಲ್ಲಿ ನಿಂತು, ಈ ಎರಡು ಮನೆ ಕೂಡಿಸಿದ ಮಹಾತಾಯಿ ನಾನೇ ಎಂದು ಬೀಗುತ್ತಿದ್ದೆ. ಆಗ ಸೋಮಯ್ಯಾಚಾರಿ ಬಂದ. ಗೋಡೆಯ ಈ ಕಡೆ ನೋಡಿದ, ಆ ಕಡೆ ಹೋಗಿ ನೋಡಿದ. ನಾನು ಕಿತ್ತೆಸೆದಿದ್ದ ಹಳೆಯ ಬಿರಡೆಯನ್ನು ಮೂಲೆಯಿಂದ ಎತ್ತಿಕೊಂಡು ಹಣೆ ಚಚ್ಚಿಕೊಂಡ.

"ಬಿರಡೆ ಗಟ್ಟಿಯಾಗೇ ಅದಲ್ಲಮ್ಮಿ! ಇದರ ತೂತಿಗೆ ಎರಡು ಬೆಂಕಿಕಡ್ಡಿ ತುರುಕಿ ತಿರುಪು ಹಾಕಿದ್ರೆ ಮುಗೀತಿತ್ತು!"

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪನ ಕಣ್ಣು ನನ್ನ ತಲೆಯ ಮೇಲಿನ ವಿಭೂತಿಗೆ ಬಿತ್ತು. ಅಲ್ಲಿಂದ ಪೂಜೆಯ ಮೂಲೆಗೆ ಹೋಯಿತು.

ಈಗ ಹೊಸ ವಿಭೂತಿಗಟ್ಟಿ ತರಲು ಮಠಕ್ಕೆ ಹೋಗುತ್ತೇನೆ. ನಾಳೆ ಬೆಳಿಗ್ಗೆ ಗೋಡೆಗೆ ಸುಣ್ಣ ಹೊಡೆಯುತ್ತೇನೆ. ಮೊದಲು ನಮ್ಮ ಕಡೆ, ಆಮೇಲೆ ಚಿಕ್ಕಪ್ಪನ ಕಡೆ.