ಪೇರೆಂಟ್ ಕ್ಲಾಸಿಗೆ ಹೊರಟ ಬಸ್ಸು

ಕೊಪ್ಪಳದ ಕಾಲೇಜೊಂದರಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುವವಳು ನಾನು. ಪ್ರೋಗ್ರಾಮ್ ರನ್ ಆದರೆ ಇವತ್ತಿಗೂ ಕುಣಿಯುವಷ್ಟು ಖುಷಿ. ಆಗದಿದ್ದರೆ ನಗು ಗ್ಯಾರಂಟಿ. ಹೀಗಾಗಿ ನನ್ನ ಲ್ಯಾಬಿನಲ್ಲಿ ಯಾವ ದಿನವೂ ಸಪ್ಪಗೆ ಮುಗಿದದ್ದಿಲ್ಲ. ಈ ವರ್ಷ ನಗಿಸಿದವಳು ಯಲಬುರ್ಗಾದಿಂದ ಬಸ್ಸಿನಲ್ಲಿ ಬರುವ ಹುಡುಗಿ. ಪ್ರಾಕ್ಟಿಕಲ್‌ನಲ್ಲಿ ಒಮ್ಮೆ ಫೇಲಾಗಿದ್ದಳು, ಈ ಸಲವೂ ಕೈಕೊಟ್ಟರೆ ಡಿಗ್ರಿ ಇಲ್ಲ. ಅವಳಿಗಿಂತ ನನಗೇ ಹೆಚ್ಚು ಚಿಂತೆ.

ಎಲ್ಲಾ ಊರೂ ಒಂದೇ ಸ್ಟಾಪು

ಪಾಠ ಇಷ್ಟೇ. ‘ಬಸ್ಸು’ ಪೇರೆಂಟ್ ಕ್ಲಾಸು, ಅಂದರೆ ಅಮ್ಮ; ‘ಆರ್ಡಿನರಿ ಬಸ್ಸು’ ಅದರ ಮಗಳು. ಇಬ್ಬರಿಗೂ ಬಸ್ಸು ನಿಲ್ಲುವ ಊರುಗಳ ಹೆಸರು ಎಷ್ಟು ಬೇಕಾದರೂ ಕೊಡಬಹುದು. ಒಂದು ನಕ್ಷತ್ರದ ಗುರುತು ಹಾಕಿದರೆ ಅವೆಲ್ಲ ಒಂದು ಗಂಟಾಗುತ್ತವೆ. ಅಮ್ಮನಿಗೆ ದಾಟಿಸುವಾಗ ಮತ್ತೊಂದು ನಕ್ಷತ್ರ ಹಾಕಿ ಗಂಟು ಬಿಚ್ಚಿ ಕೊಡಬೇಕು.

ಹೇಳುವ ಹುರುಪಿನಲ್ಲಿ ಆ ಎರಡನೇ ನಕ್ಷತ್ರವನ್ನು ನಾನೇ ಮರೆತೆ. ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಮೂರೂ ಸೇರಿ ಒಂದೇ ಸ್ಟಾಪು ಎಂದು ಪರದೆಯ ಮೇಲೆ ಬಂತು. ತಿದ್ದಲು ಹೋದರೆ ಆ ಹುಡುಗಿ ತಡೆದಳು.

“ಇರಲಿ ಬಿಡ್ರಿ ಮೇಡಂ. ಮನಿ, ಕಾಲೇಜು ಎರಡೂ ಒಂದ ಸ್ಟಾಪಿನ್ಯಾಗ ಬಂದ್ರ ನಂಗ ಭಾಳ ಛಲೋ ಆತು.”

ನಿಂತು ನಿಂತು ಹೋದ ಬಸ್ಸು

ಮರುದಿನ ಅವಳು ನಕ್ಷತ್ರ ಮರೆಯಲಿಲ್ಲ. ಮರೆಯಬಾರದೆಂದು ಕಂಡಕಂಡಲ್ಲೆಲ್ಲ ಹಾಕಿದಳು. ಕೊಟ್ಟದ್ದು ಗಿಣಿಗೇರಾ ಎಂಬ ಒಂದೇ ಊರಿನ ಹೆಸರು, ಅದಕ್ಕೂ ಒಂದು ನಕ್ಷತ್ರ. ಬಿಚ್ಚಲು ಗಂಟೇ ಇಲ್ಲದಾಗ ಪೈಥಾನ್ ಏನು ಮಾಡೀತು? ಪಾಪ, ಹೆಸರನ್ನೇ ಬಿಚ್ಚಿತು. ಇಂಗ್ಲಿಷಿನಲ್ಲಿ ಬರೆದ ಗಿಣಿಗೇರಾದ ಒಂದೊಂದು ಅಕ್ಷರಕ್ಕೂ ಬಸ್ಸು ನಿಂತಿತು.

ತಪ್ಪು ಎಲ್ಲಿದೆ ಹುಡುಕು ಎಂದೆ. ಅವಳು ಪರದೆಯ ಮೇಲೆ ಬೆರಳಿಟ್ಟು ಸ್ಟಾಪುಗಳನ್ನು ಒಂದೊಂದಾಗಿ ಎಣಿಸಿದಳು.

“ತಪ್ಪಿಲ್ರಿ ಮೇಡಂ. ನಮ್ಮ ಆರ್ಡಿನರಿ ಬಸ್ಸು ಹಿಂಗ ನಿಲ್ಲತೈತಿ.”

ಖಾಲಿ ಕೈ

ಪರೀಕ್ಷೆಗೆ ಗಂಗಾವತಿಯಿಂದ ಎಕ್ಸ್‌ಟರ್ನಲ್ ಪರೀಕ್ಷಕರೊಬ್ಬರು ಬಂದರು. ನಗುವನ್ನು ಮನೆಯಲ್ಲೇ ಬಿಟ್ಟು ಬಂದವರಂತೆ ಇದ್ದರು. ನಮ್ಮ ಹುಡುಗಿಯ ಪ್ರೋಗ್ರಾಮ್ ಮೊದಲ ಸಲಕ್ಕೇ ರನ್ ಆಯಿತು, ಊರುಗಳೆಲ್ಲ ಬೇರೆ ಬೇರೆಯಾಗಿ ಬಂದವು! ನಾನು ಉಸಿರು ಬಿಡುವಷ್ಟರಲ್ಲಿ ಅವರು ವೈವಾದ ಬಾಯಿಪ್ರಶ್ನೆ ಶುರು ಮಾಡಿದರು. ಒಂದೂ ಊರಿನ ಹೆಸರು ಕೊಡದೆ ಕರೆದರೆ ಪೇರೆಂಟ್ ಕ್ಲಾಸು ಎರರ್ ಕೊಡುತ್ತದೆಯೇ ಎಂದು ಕೇಳಿದರು. ಇದನ್ನು ನಾನು ಕಲಿಸಿಯೇ ಇರಲಿಲ್ಲ. ಹುಡುಗಿ ತಡಮಾಡದೆ ಉತ್ತರಿಸಿದಳು.

“ಇಲ್ರಿ ಸರ. ತವರಮನಿಗಿ ಖಾಲಿ ಕೈಲೆ ಹೋದ್ರೂ ಒಳಗ ಕರೀತಾರ್ರಿ.”

ಸರಿಯಾದ ಉತ್ತರ! ಚಪ್ಪಾಳೆ ತಟ್ಟುವುದೊಂದು ಬಾಕಿ. ಆದರೆ ಹುಡುಗಿ ಅಲ್ಲಿಗೇ ನಿಲ್ಲಬೇಕಲ್ಲ.

“ಅತ್ತಿ ಮನಿ ಆದ್ರ ಎರರ್ ಬರತೈತ್ರಿ.”

ಸಾಹೇಬರ ಪೆನ್ನು ನಿಂತಿತು. ಅವರು ತಲೆ ತಗ್ಗಿಸಿ ಮಾರ್ಕ್ಸ್ ಹಾಕಿದರು, ಪಾಸಾಗಿದ್ದೀ ಎಂದರು. ಆಮೇಲೆ ತುಟಿ ಬಿಗಿಹಿಡಿದು, ಆ ಎರರ್ ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು.

“ಪುಸ್ತಕದಾಗ ಇಲ್ರಿ ಸರ. ನಮ್ಮಕ್ಕ ರನ್ ಮಾಡಿ ನೋಡ್ಯಾಳ್ರಿ.”