ಪಾವಿನ ಮೇಲೆ ಆರು ಗೂಢಚಾರರು

ಆ ದಿನ ಕೋಳಿ ಕೂಗುವ ಮೊದಲೇ ವೆಲ್ಲಿಂಗಿರಿ ಕೂಗಿದ. ನೆಗಮಂ ಊರಿನ ನೇಕಾರರ ಬೀದಿಯ ನಟ್ಟನಡುವೆ ನಿಂತು, ಪಂಚೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ, ಸಿಂಹಾಸನವೊಂದು ಇಲ್ಲ ಅನ್ನುವುದು ಬಿಟ್ಟರೆ ಸಾಕ್ಷಾತ್ ಚಕ್ರವರ್ತಿಯ ಹಾಗೆ ಆಜ್ಞೆ ಹೊರಡಿಸಿದ.

"ಇವತ್ತು ನನ್ನ ಮಗ್ಗದ ಪಾವು ಬೀದಿಗೆ ಬರ್ತದೆ. ಕೆಲಸ ಮುಗಿಯೋ ತನಕ ಆ ದರಿದ್ರ ಟಾಕಿ ವಿಷಯ ಯಾರೂ ಎತ್ತಬಾರದು. ಎತ್ತಿದವರಿಗೆ ನನ್ನ ಮನೇಲಿ ಇಡ್ಲಿ ಇಲ್ಲ."

ಆಜ್ಞೆಗೆ ಬಲವಾದ ಕಾರಣವಿತ್ತು. ಹೆಂಡತಿ ಅಂಗಮ್ಮನ ತಂಗಿ ತಂಗಮಣಿಯ ಮದುವೆಗೆ ಇನ್ನು ಹನ್ನೆರಡೇ ದಿನ. ಮುಹೂರ್ತದ ಸೀರೆಯನ್ನು ದೊಡ್ಡಳಿಯ ದೊರೈಸಾಮಿಯ ಮಗ್ಗದಲ್ಲಿ ನೇಯಿಸೋಣ ಎಂದು ಅತ್ತೆ ಸುಬ್ಬಾತಾಳ್ ಬಾಯಿ ತೆರೆದಿದ್ದೇ ತಪ್ಪಾಯಿತು. ಅವನು ನೇಯುವುದು ಸೀರೆಯಾದರೆ ತಾನು ನೇಯುವುದೇನು ಗೋಣಿಚೀಲವೇ ಎಂದು ವೆಲ್ಲಿಂಗಿರಿ ಮೂರು ದಿನ ಮನೆಯಲ್ಲಿ ಮೊಸರು ಮುಟ್ಟಲಿಲ್ಲ. ಮೊಸರು ಹುಳಿಯಾಗಿ ಹೋಗುವುದನ್ನು ನೋಡಲಾರದೆ ಅತ್ತೆ ಒಪ್ಪಿದಳು. ಆದರೆ ಸುಬ್ಬಾತಾಳ್ ಬಿಗಿ ಹೆಂಗಸು. "ಆಗಲಿ ಮಾಪ್ಪಿಳ್ಳೆ. ಪಾವು ಕೆಟ್ಟಿತೋ, ಆ ಗಳಿಗೇಲೇ ದೊಡ್ಡ ಮಾಪ್ಪಿಳ್ಳೆ ಮಗ್ಗಕ್ಕೆ ಹೇಳಿಬಿಡ್ತೀನಿ" ಎಂದು ಅಳಿಯನಿಗೆ ಹೇಳಿದ್ದಳು. ಹೀಗೆ ಸಣ್ಣಳಿಯನ ಮಾನ ಎರಡು ಸಾವಿರ ಎಳೆಗಳ ಮೇಲೆ ನಿಂತಿತು.

ಸೀರೆಯ ಉದ್ದದೆಳೆಗಳೆಲ್ಲ ಸೇರಿದ್ದು ಪಾವು. ಅದನ್ನು ಮಗ್ಗಕ್ಕೆ ಏರಿಸುವ ಮೊದಲು ಬೀದಿಯಲ್ಲಿ ಕಂಬದಿಂದ ಕಂಬಕ್ಕೆ ಬಿಗಿದು, ಗಂಜಿ ಚಿಮುಕಿಸಿ, ದೊಡ್ಡ ಕುಂಚದಿಂದ ಆ ತುದಿಯಿಂದ ಈ ತುದಿಗೆ ನೀವಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ; ಬೀದಿಯೇ ಬಂದು ಎರಡೂ ಕಡೆ ನಿಲ್ಲುತ್ತದೆ. ಬಿಸಿಲೇರುವ ಮೊದಲು ಮುಗಿಯಬೇಕು. ಕುಂಚ ನಿಂತರೆ ಗಂಜಿ ಒಣಗಿ ಎಳೆಗೆ ಎಳೆ ಅಂಟಿ ಪಾವು ಹಪ್ಪಳವಾಗುತ್ತದೆ. ಇದಲ್ಲದೆ ಪಾವಿನ ಅಡ್ಡಕ್ಕೆ ಆರು ಬಿದಿರು ಕಡ್ಡಿ ತೂರಿಸಿರುತ್ತಾರೆ, ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಕಡ್ಡಿ ಇರುವ ತನಕ ಪ್ರತಿ ಎಳೆಗೂ ತನ್ನ ಜಾಗ ಗೊತ್ತು. ಕಡ್ಡಿ ಹೋದರೆ ಎರಡು ಸಾವಿರ ಎಳೆ ಸೇರಿ ಒಂದೇ ಒಂದು ಹಗ್ಗ. ಆದ್ದರಿಂದ ಬುದ್ಧಿಯುಳ್ಳವರು ಕಡ್ಡಿಯ ಪಕ್ಕದಲ್ಲೇ ಒಂದು ಕಾವಲು ನೂಲನ್ನೂ ತೂರಿಸಿ ಕಟ್ಟುತ್ತಾರೆ.

"ಏನುಂಗ, ಕಾವಲು ನೂಲು ಕಟ್ಟಿದಿರಾ?" ಎಂದು ಅಂಗಮ್ಮ ಗಂಜಿಯ ಮಡಕೆ ಇಳಿಸುತ್ತಾ ಗಂಡನನ್ನು ಕೇಳಿದಳು.

"ಕೈ ಮೇಲೆ ನಂಬಿಕೆ ಇಲ್ಲದವರು ಕಟ್ಟಲಿ. ಕಡ್ಡಿ ಕಿತ್ತು ಬಿಸಾಕೋಕೆ ನನಗೇನು ಹುಚ್ಚಾ?"

ಅಂಗಮ್ಮ ಮಡಕೆಯ ಗಂಜಿ ಕಲಕತೊಡಗಿದಳು. ಕೆಲವು ಮಾತಿಗೆ ಉತ್ತರವನ್ನು ಕಾಲವೇ ಕೊಡುತ್ತದೆ ಎಂಬುದನ್ನು ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಕಲಿತಿದ್ದಳು.

ಇನ್ನು ಆ ಟಾಕಿಯ ವಿಷಯ. ಹೋದ ಅಮಾವಾಸ್ಯೆಯಂದು ಮಗ್ಗಕ್ಕೆಲ್ಲ ರಜೆ. ಬೀದಿಗೆ ಬೀದಿಯೇ ಐದು ಬಂಡಿ ಕಟ್ಟಿಕೊಂಡು ಪೊಳ್ಳಾಚಿಯ ಟೆಂಟ್ ಸಿನಿಮಾಕ್ಕೆ ಹೋಗಿತ್ತು. ಆರು ನಟಶಿರೋಮಣಿಗಳು ಒಂದೇ ಟಾಕಿಯಲ್ಲಿ, ಹಾಡು ಐವತ್ತು, ಹೊಟ್ಟೆ ಹುಣ್ಣಾಗುವಷ್ಟು ನಗೆ, ರೋಮಾಂಚನದ ಗೂಢಚಾರ ಕಥೆ ಎಂದು ನೋಟೀಸಿನಲ್ಲಿ ಅಚ್ಚು ಹಾಕಿಸಿದ್ದರು. ಅದರಲ್ಲಿ ಹಾಡಿನ ಲೆಕ್ಕವೊಂದೇ ನಿಜ.

ಆರು ಜನವೂ ಬೇರೆ ಬೇರೆ ನಾಟಕ ಕಂಪನಿಯ ರಾಜಪಾರ್ಟಿನವರು. ಒಬ್ಬನಿಗೆ ದೊಡ್ಡ ಪಾತ್ರ ಕೊಟ್ಟರೆ ಇನ್ನೈವರು ಮುನಿಸಿಕೊಳ್ಳುತ್ತಾರೆಂದು ಆರು ಜನರನ್ನೂ ಗೂಢಚಾರರನ್ನಾಗಿ ಮಾಡಿದ್ದರು. ಹಾಲಿನವನು, ಅಡುಗೆಯವನು, ಮಂತ್ರಿ, ಸೇನಾಪತಿ, ಸನ್ಯಾಸಿ, ಕೊನೆಗೆ ರಾಣಿ ಸಹ. ಕೋಟೆಯ ನಕ್ಷೆ ಕದಿಯಲು ಬಂದವನು ಮಂಚದ ಕೆಳಗೆ ಅಡಗಿ, ಅಡಗಿದ್ದೇನೆಂದು ಎಂಟು ಚರಣ ಹಾಡಿದ. ಮಂಚದ ಮೇಲೆ ಮಲಗಿದ್ದ ರಾಜ ಏಳಲಿಲ್ಲ. ಟೆಂಟಿನ ಹೊರಗೆ ಕಟ್ಟಿದ್ದ ಎತ್ತುಗಳು ಎದ್ದವು. ಆರು ಜನಕ್ಕೂ ಒಂದೇ ಅಂಟುಮೀಸೆ. ಅದು ಯಾರ ಮೂಗಿನ ಕೆಳಗಿದೆಯೋ ಅವನು ಆಗ ಮಾರುವೇಷದಲ್ಲಿದ್ದಾನೆ ಎಂದು ತಿಳಿಯಬೇಕು. ಒಂದು ಸಲ ಅದು ರಾಣಿಯ ಮೂಗಿನ ಕೆಳಗೂ ಬಂತು. ಕೊನೆಗೆ ಎಲ್ಲರೂ ಸಾಲಾಗಿ ನಿಂತು ಮಂಗಳ ಹಾಡಿದರು. ನಕ್ಷೆ ಯಾರ ಹತ್ತಿರ ಉಳಿಯಿತು, ನಿಜವಾದ ಗೂಢಚಾರ ಯಾರು, ಇದನ್ನು ಹೇಳಲು ಯಾರಿಗೂ ನೆನಪಾಗಲಿಲ್ಲ.

ಅಂದಿನಿಂದ ಬೀದಿಯಲ್ಲಿ ಬೇರೆ ಮಾತಿಲ್ಲ. ಬೀದಿಯ ಹಿರಿಯ ಆರುಮುಗಂ, ಒಂದು ಬಂಡಿಗೆ ಆರು ಎತ್ತು ಕಟ್ಟಿದರೆ ಬಂಡಿ ಮನೆ ಸೇರುವುದಿಲ್ಲ, ಆರು ದಿಕ್ಕಿಗೆ ಹರಿದು ಹೋಗುತ್ತದೆ ಎಂದು ತೀರ್ಪು ಕೊಟ್ಟ. ಪಕ್ಕದ ಮನೆ ಜಾನಕಿಯಮ್ಮ ನೋಡಿದ್ದು ಬರೀ ಸೀರೆಯನ್ನು. ರಾಣಿ ಅಗಲ ಅಂಚಿನ ಸೀರೆ ಉಟ್ಟು ಬಾಗಿಲು ದಾಟಿದವಳು ಆಚೆ ಕಡೆ ಸಣ್ಣ ಅಂಚಿನಲ್ಲಿ ಬಂದಳು, ಆದ್ದರಿಂದ ಅವಳೇ ಗೂಢಚಾರಿಣಿ ಎಂದು ಜಾನಕಿಯಮ್ಮನ ವಾದ. ಅದು ಗುಟ್ಟಲ್ಲ, ಅಗಸ ತಡಮಾಡಿದ್ದು ಎಂದು ಉಳಿದವರು. ಟಾಕಿ ಚೆನ್ನಾಗಿತ್ತು ಎಂದವಳು ಸುಬ್ಬಾತಾಳ್ ಒಬ್ಬಳೇ. ಮೊದಲ ಹಾಡಿಗೆ ಮಲಗಿದವಳು ಮಂಗಳಕ್ಕೆ ಎದ್ದಿದ್ದಳು.

ಎಲ್ಲರಿಗಿಂತ ಜೋರಾಗಿ ಉಗಿದವನು ವೆಲ್ಲಿಂಗಿರಿ. ಆ ಟಾಕಿ ಮಾಡಿದವನು ಒಂದು ದಿನವಾದರೂ ಮಗ್ಗದಲ್ಲಿ ಕೂತಿದ್ದರೆ ಹೀಗಾಗುತ್ತಿತ್ತೇ? ಆರು ಎಳೆ ಬಿಡಿಸಿಡಲು ಬಾರದವನು ಕಥೆ ಹೇಳಲು ಹೊರಟನಂತೆ! ತಾನಾದರೆ ಅಂಥ ಇನ್ನೂರು ಜನ ಬಂದರೂ ಯಾರು ಮೇಲೆ, ಯಾರು ಕೆಳಗೆ ಎಂದು ಅಚ್ಚುಕಟ್ಟಾಗಿ ಇಡುತ್ತಿದ್ದೆ ಎಂದು ಬೀದಿಯ ಎರಡೂ ತುದಿಗೆ ಕೇಳುವ ಹಾಗೆ ಹೇಳಿಕೊಂಡು ತಿರುಗಿದ್ದ. ಈ ವಾದ ಪಾವಿನ ಹತ್ತಿರ ಶುರುವಾದರೆ ಕುಂಚ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಆ ಆಜ್ಞೆ.

ಕೆಲಸ ಶುರುವಾಯಿತು. ಒಂದು ಗಳಿಗೆ ಬೀದಿಯಲ್ಲಿ ಕುಂಚದ ಸರಸರ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅರಗಿನ ಕೆಂಪಿನ, ಅರಕ್ಕು ಬಣ್ಣದ ಎಳೆಗಳು ವೀಣೆಯ ತಂತಿಯ ಹಾಗೆ ಬಿಗಿದು ನಿಂತವು. ಆಚೆ ಕಡೆ ನಿಂತಿದ್ದ ಷಡ್ಡಕ ದೊರೈಸಾಮಿ ಹರಿದ ಎಳೆಯೊಂದನ್ನು ಹೊಸೆದು ಸೇರಿಸುತ್ತಾ, ಯಾರಿಗೂ ಹೇಳದೆ, ತನ್ನಷ್ಟಕ್ಕೆ ತಾನು ಗೊಣಗಿದ.

"ಹಾಲಿನವನೇ."

ಬೀದಿಯೇ ಉಸಿರು ಬಿಗಿಹಿಡಿಯಿತು. ವೆಲ್ಲಿಂಗಿರಿಯೂ ಹಿಡಿದ. ಹಲ್ಲು ಕಚ್ಚಿದ. ಅತ್ತೆಯನ್ನು ನೆನೆದ, ಮಾನವನ್ನು ನೆನೆದ, ಎರಡು ಸಾವಿರ ಎಳೆಯನ್ನು ನೆನೆದ. ಆದರೆ ಕಣ್ಣೆದುರು ಒಂದು ತಪ್ಪು ನಿಂತಿರುವಾಗ, ಅದೂ ಷಡ್ಡಕನ ತಪ್ಪು, ಎಷ್ಟೆಂದು ಸಹಿಸುವುದು?

"ಹಾಲಿನವನು ಹೇಗಣ್ಣ ಆಗ್ತಾನೆ? ಅಡುಗೆಯವನು!"

"ಇಡ್ಲಿ ಇಲ್ಲ ಅಂದೆಯಲ್ಲ ತಂಬಿ" ಎಂದ ದೊರೈಸಾಮಿ ತಣ್ಣಗೆ.

"ಇಡ್ಲಿ ಹಾಳಾಗಲಿ. ನಕ್ಷೆ ಇದ್ದದ್ದು ಅಡುಗೆಮನೇಲಿ. ಹಾಲಿನವನು ಒಳಗೆ ಬಂದಾಗ ಮೀಸೆ ಯಾರ ಹತ್ತಿರ ಇತ್ತು?"

ಸನ್ಯಾಸಿಯ ಹತ್ತಿರ ಎಂದ ಒಬ್ಬ. ಇಲ್ಲ, ಮಂತ್ರಿಯ ಹತ್ತಿರ ಎಂದ ಆರುಮುಗಂ. ಕುಂಚ ಹಿಡಿದಿದ್ದ ಇಬ್ಬರೂ ಅದನ್ನು ನೆಲಕ್ಕಿಟ್ಟು, ಸೇನಾಪತಿಯನ್ನು ಯಾಕೆ ಬಿಡುತ್ತೀರಿ ಎಂದು ಹತ್ತಿರ ಬಂದರು. ಜಾನಕಿಯಮ್ಮ ಅಂಚಿನ ಸುದ್ದಿ ಎತ್ತಿದಳು. ಹತ್ತು ಬಾಯಿಗೆ ಹನ್ನೆರಡು ಕಥೆ.

"ನಿಲ್ಲಿ, ನಿಲ್ಲಿ. ಬಿಡಿಸಿ ತೋರಿಸ್ತೀನಿ" ಎಂದ ವೆಲ್ಲಿಂಗಿರಿ. ತೋರಿಸಲು ಏನಾದರೂ ಬೇಕಲ್ಲ? ಕೈಗೆ ಸಿಕ್ಕಿತು. "ಇದು ಮಂತ್ರಿ" ಎಂದು ಒಂದು ಬಿದಿರು ಕಡ್ಡಿ ಎಳೆದು ಆರುಮುಗಂ ಕೈಗೆ ಕೊಟ್ಟ. "ಇದು ರಾಣಿ" ಎಂದು ಜಾನಕಿಯಮ್ಮನಿಗೊಂದು. ಕುಂಚದವರಿಬ್ಬರು ಸೇನಾಪತಿ ಮತ್ತು ಸನ್ಯಾಸಿಯಾದರು. ಹಾಲಿನವನನ್ನು ದೊರೈಸಾಮಿಗೆ ತಿರಸ್ಕಾರದಿಂದ ದಾಟಿಸಿ, ಅಡುಗೆಯವನನ್ನು ತಾನೇ ಹಿಡಿದುಕೊಂಡ. ಆಮೇಲೆ ಒಬ್ಬೊಬ್ಬರನ್ನೂ ಕೋಟೆಯೊಳಗೆ ಬಿಟ್ಟ, ಮಂಚದ ಕೆಳಗೆ ತೂರಿಸಿದ, ವೇಷ ಬದಲಾಯಿಸಿದ. ರಾಣಿ ಆರುಮುಗಂ ಕೈಗೆ ಹೋದಳು. ಸನ್ಯಾಸಿ ಎರಡು ಸಲ ಕೆಳಗೆ ಬಿದ್ದ. ಕಥೆ ಮೊದಲ ಸಲ, ಲೋಕದ ಇತಿಹಾಸದಲ್ಲೇ ಮೊದಲ ಸಲ, ಕನ್ನಡಿಯಷ್ಟು ನಿಚ್ಚಳವಾಯಿತು. ಅಡುಗೆಯವನೇ ಗೂಢಚಾರ, ಸಂಶಯವೇ ಇಲ್ಲ. ದೊರೈಸಾಮಿ ಕೂಡ ತಲೆ ಕೆರೆದುಕೊಂಡ.

ವೆಲ್ಲಿಂಗಿರಿ ಗೆದ್ದ ಕಡ್ಡಿಯನ್ನು ಖಡ್ಗದಂತೆ ಮೇಲೆತ್ತಿ ಹಿಡಿದ. ಅದರ ಮೇಲೆ ಬಿಸಿಲು ಬಿದ್ದಿತ್ತು.

ಆಗ ಅವನು ಪಾವಿನ ಕಡೆ ತಿರುಗಿದ.

ಮೇಲಿನ ಎಳೆ ಕೆಳಗಿನದನ್ನು ಅಪ್ಪಿಕೊಂಡಿತ್ತು. ಕೆಳಗಿನದು ಪಕ್ಕದ್ದನ್ನು ಬಿಡಲೊಲ್ಲದು. ಗಂಜಿ ಒಣಗಿ, ಕಂಬದಿಂದ ಕಂಬಕ್ಕೆ ಅರಕ್ಕು ಬಣ್ಣದ ಹಲಗೆಯೊಂದನ್ನು ಕಟ್ಟಿದ ಹಾಗಿತ್ತು. ಬೆರಳಿನಿಂದ ತಟ್ಟಿ ನೋಡಿದ. ಟಕ್ ಎಂದಿತು.

ಕಡ್ಡಿ ಹಿಡಿದಿದ್ದವರು ಒಬ್ಬೊಬ್ಬರಾಗಿ ಕಡ್ಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಗೂಢಚಾರರ ಕೆಲಸ ಆಗ ಅವರಿಗೆ ಸರಿಯಾಗಿ ಬಂತು.

ಮಗಳ ಮನೆಗೆ ಇಡ್ಲಿಗೆಂದು ಹೊರಟಿದ್ದ ಸುಬ್ಬಾತಾಳ್ ಆ ಹೊತ್ತಿಗೇ ಬಂದಳು. ಪಾವನ್ನು ನೋಡಿದಳು, ಅಳಿಯನ ಕೈಯ ಕಡ್ಡಿಯನ್ನು ನೋಡಿದಳು. ಬೈಯಲಿಲ್ಲ. ವೀಳ್ಯದೆಲೆಗೆ ಸುಣ್ಣ ಸವರುತ್ತಾ ನಿಧಾನವಾಗಿ ಕೇಳಿದಳು.

"ಅಲ್ಲ ಮಾಪ್ಪಿಳ್ಳೆ, ನಾನು ಮಲಗಿಬಿಟ್ಟಿದ್ದೆ. ಕೊನೆಗೆ ಗೂಢಚಾರ ಯಾರು?"

"ಅವನು ಇರಲಿ ಅಮ್ಮಾ" ಎಂದಳು ಅಂಗಮ್ಮ. "ಇದರಲ್ಲಿ ಮೊದಲನೇ ಎಳೆ ಯಾವುದು ಅಂತ ಕೇಳು."

ನಾಲ್ಕು ದಿನ ಗಂಡ ಹೆಂಡತಿ ನೀರು ಚಿಮುಕಿಸಿ ಎಳೆ ಬಿಡಿಸಿದರು. ನೂರಹತ್ತು ಎಳೆ ಸಿಕ್ಕಿತು. ಉಳಿದದ್ದನ್ನು ಅಂಗಮ್ಮ ಬಾವಿಯ ಹಗ್ಗಕ್ಕೆ ಹೊಸೆದಳು. ಬಹಳ ಗಟ್ಟಿ ಹಗ್ಗ. ದಿನಕ್ಕೆ ಎರಡು ಸಲ ವೆಲ್ಲಿಂಗಿರಿಯೇ ಅದರಲ್ಲಿ ನೀರು ಸೇದಬೇಕಾಯಿತು.

ಮದುವೆಯ ದಿನ ತಂಗಮಣಿ ದೊರೈಸಾಮಿಯ ಮಗ್ಗದ ಸೀರೆಯುಟ್ಟು ಹಸೆಗೆ ಬಂದಳು. ಒಳ್ಳೆಯ ಸೀರೆ ಎಂದು ವೆಲ್ಲಿಂಗಿರಿ ಎಲ್ಲರಿಗಿಂತ ಮೊದಲೇ ಹೇಳಿಬಿಟ್ಟ. ಬೇರೆಯವರು ಹೇಳುವುದನ್ನು ಕೇಳುವ ಕಷ್ಟ ತಪ್ಪಲಿ ಎಂದು. ಊಟದ ಪಂಕ್ತಿಯಲ್ಲಿ ಅವನ ಎಡಕ್ಕೆ ಗಂಡಿನ ಕಡೆಯ ಹಿರಿಯರು ಸುಬ್ಬಯ್ಯನ್, ಬಲಕ್ಕೆ ದೊರೈಸಾಮಿ.

ಸುಬ್ಬಯ್ಯನ್ ಅನ್ನ ಕಲಸುತ್ತಾ, ತಾವೂ ಪೊಳ್ಳಾಚಿಗೆ ಹೋಗಿ ಆ ಟಾಕಿ ನೋಡಿದ್ದಾಗಿಯೂ ತಲೆಬುಡ ತಿಳಿಯಲಿಲ್ಲವೆಂದೂ ಹೇಳಿದರು. "ನೀವು ತಿಳಿದವರು ಅಂತ ಬೀದೀಲಿ ಹೇಳಿದರು. ಟಾಕಿ ಹೇಗಿತ್ತು? ಗೂಢಚಾರ ಯಾರು ಅಂತೀರಿ?"

ಪಾಯಸ ಬಡಿಸುತ್ತಿದ್ದ ಅಂಗಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಪಂಕ್ತಿಯ ಆ ತುದಿಯಲ್ಲಿ ಆರುಮುಗಂ ಅಗಿಯುವುದನ್ನು ನಿಲ್ಲಿಸಿದ. ವೆಲ್ಲಿಂಗಿರಿ ಒಮ್ಮೆ ಹಸೆಯ ಮೇಲಿನ ಸೀರೆಯನ್ನು ನೋಡಿದ, ಒಮ್ಮೆ ಸೌಟನ್ನು ನೋಡಿದ, ಅಂಗೈಯಲ್ಲಿ ಬಾವಿಹಗ್ಗ ಎಬ್ಬಿಸಿದ ಬೊಬ್ಬೆಯನ್ನೂ ನೋಡಿಕೊಂಡ.

"ಒಳ್ಳೇ ಟಾಕಿ. ಎಲ್ಲಾ ನಿಚ್ಚಳವಾಗಿತ್ತು" ಎಂದ. ಆಮೇಲೆ ಬಲಕ್ಕೆ ತಿರುಗದೆ, ಎಲೆಯನ್ನೇ ನೋಡುತ್ತಾ ಸೇರಿಸಿದ:

"ಹಾಲಿನವನೇ."