ಇಪ್ಪತ್ತು ಪೈಸೆಯೊಳಗಿನ ಬಂಗಾರ

ಸಿರುಗುಪ್ಪದಲ್ಲಿ ಪತ್ತಾರಿಕೆ, ಅಂದರೆ ಬಂಗಾರದ ಕೆಲಸ, ಮಾಡೋನು ನಗೋದಕ್ಕೆ ಎಲ್ಲಿಗೂ ಹೋಗಬೇಕಿಲ್ಲ, ಪ್ರಸಂಗಗಳು ತಾವಾಗೇ ಅಂಗಡಿ ಕಟ್ಟೆ ಹತ್ತಿ ಬರ್ತಾವೆ. ಎಪ್ಪತ್ತರ ದಶಕದ ಶುರುವಿನಲ್ಲಿ, ಹಳದಿ ಬಣ್ಣದ ಇಪ್ಪತ್ತು ಪೈಸೆ ನಾಣ್ಯದಲ್ಲಿ ಬಂಗಾರ ಬೆರೆಸ್ಯಾರೆ ಅಂತ ಪುಕಾರೆದ್ದಿತು. ಕುರುಗೋಡಿನಲ್ಲಿ ಯಾರೋ ಕರಗಿಸಿ ಉಂಗುರ ಮಾಡಿಸಿಕೊಂಡರಂತೆ. ಆ ಉಂಗುರ ಕಂಡವರು ಮಾತ್ರ ಒಬ್ಬರೂ ಸಿಗಲಿಲ್ಲ.

೧. ಸವೆದ ಕಲ್ಲು

ಸಿರಿಗೇರಿಯ ಅಜ್ಜಿಯೊಬ್ಬಳು ಬಂದು, ಸೆರಗಿನ ಗಂಟು ಬಿಚ್ಚಿ ಅಂಥ ಇಪ್ಪತ್ತು ನಾಣ್ಯ ಸುರಿದಳು.

"ಮೊಮ್ಮಗಳ ಕಿವಿ ಚುಚ್ಚಿಸೀವಿ. ಕೂಸು ಬೇವಿನಕಡ್ಡಿ ಇಟ್ಕೊಂಡು ಅಡ್ಡಾಡಾಕತ್ತೈತಿ. ಇವನ್ನ ಕರಗಿಸಿ ಎರಡು ಗುಂಡು ಮಾಡಿಕೊಡು."

ನನ್ನ ಒರೆಗಲ್ಲು ನಮ್ಮಜ್ಜನ ಕಾಲದ್ದು. ಅದರ ಮುಂದೆ ಸುಳ್ಳು ನಡೆಯೋದಿಲ್ಲ ಅಂತ ತಾಲ್ಲೂಕಿಗೇ ಗೊತ್ತು. ಒಂದು ನಾಣ್ಯವನ್ನು ಕಲ್ಲಿಗೆ ಉಜ್ಜಿ, ಮೂಡಿದ ಗೆರೆ ಮೇಲೆ ಆಸಿಡ್ ಹನಿಸಿದೆ. ಗೆರೆ ಮಾಯವಾಯಿತು.

"ಬರೀ ಹಿತ್ತಾಳಿ ಅವ್ವ. ಬಂಗಾರ ಇಲ್ಲ."

ಅಜ್ಜಿ ಕಲ್ಲನ್ನೇ ತಿರುವಿ ನೋಡಿದಳು. "ಭಾಳ ಹಳೇದೈತಿ. ನಿನ್ನ ಕಲ್ಲು ಸವದೈತೋ ಪತ್ತಾರಪ್ಪ."

ಅಜ್ಜನ ಕಲ್ಲಿಗೇ ಅಂದುಬಿಟ್ಟಳಲ್ಲ ಅಂತ ಸಿಟ್ಟು ಬಂತು. ಆದರೂ ಹಿರೇ ಜೀವ. ಒಂದು ನಾಣ್ಯದಲ್ಲಿ ಅಚ್ಚು ಜಾರಿ ಅರ್ಧ ಚಿತ್ರವೇ ಇರಲಿಲ್ಲ. "ಇದನ್ನ ಅಂಗಡ್ಯಾಗ ಯಾರೂ ತಗೋಳ್ಳಲ್ಲ, ಬೆಳಗಿಯಾದ್ರೂ ಕೊಡ್ತೀನಿ ತಾ" ಅಂದೆ.

"ಅಯ್ಯ, ಬ್ಯಾಡಪ್ಪ. ಬೆಳಗೋ ನೆವಕ್ಕ ಮ್ಯಾಲಿನ ಬಂಗಾರ ಕೆರಕೊಂಡು ಇಟ್ಕೋತಿ!"

೨. ಬೆಳಗಿದ ಕೈ

ಬಳ್ಳಾರಿಯ ಕಾಲೇಜು ಮೇಷ್ಟ್ರೊಬ್ಬರಿಗೆ ನಾಣ್ಯ ಕೂಡಿಡೋ ಹುಚ್ಚು. ಚೈನಿಗೆ ಬೆಸುಗೆ ಹಾಕಿಸಲು ಬಂದಾಗ ನನ್ನ ನಾಣ್ಯವೊಂದನ್ನು ಹೆಮ್ಮೆಯಿಂದ ಮುಂದಿಟ್ಟೆ.

"ಎಲ್ಲಾ ಇಪ್ಪತ್ತು ಪೈಸಾದಾಗ ಬರೀ ಕಮಲ ಇರತೈತಿ. ಇದರಾಗ ಕಮಲದ ಮ್ಯಾಲೆ ಸೂರ್ಯ ಅದಾನ್ರಿ. 'ಎಲ್ಲರಿಗೂ ಅನ್ನ' ಅಂತ ಸರಕಾರದೋರು ನೆನಪಿಗೆ ಹೊಡಿಸಿದ್ದು. ಹುಣಸೆಹಣ್ಣು ಹಚ್ಚಿ ತಿಕ್ಕೀನಿ, ಹೆಂಗ ಹೊಳಿಯಾಕತ್ತೈತಿ ನೋಡ್ರಿ."

ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. "ತಿಕ್ಕಿದರೆ ಮೂಲ ಕಳೆ ಹೋಗತೈತಿ, ಕೂಡಿಡೋರು ಯಾರೂ ಕೊಳ್ಳೋದಿಲ್ಲರಿ. ಗುರುತು ಹಿಡಿದ ನಿಮ್ಮ ಕಣ್ಣಿಗೆ ಬಹುಮಾನ ಕೊಡಬೇಕು, ಬೆಳಗಿದ ಕೈಗೆ ಜುಲ್ಮಾನೆ ಹಾಕಬೇಕು. ಅಚ್ಚು ಜಾರಿದ್ದು, ತಿಕ್ಕದೇ ಇರೋದು ಸಿಕ್ಕರೆ ಹೇಳ್ರಿ, ಅದಕ್ಕ ಬೆಲಿ ಐತಿ."

ನನಗೆ ಅಜ್ಜಿಯ ಅಚ್ಚು ಜಾರಿದ ನಾಣ್ಯ ನೆನಪಾಯಿತು. ಅಜ್ಜಿ ಆ ನಾಣ್ಯವನ್ನು ಎಲೆ-ಅಡಿಕೆಗೆ ಕೊಟ್ಟುಬಿಟ್ಟಿದ್ದರೆ? ಸಿರಿಗೇರಿ ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿ ಕಳಿಸಿದೆ: "ಪತ್ತಾರ ಕರೀತಾನ, ನಾಣ್ಯ ತಿಕ್ಕಬ್ಯಾಡ ಅಂತ ಹೇಳು." ಅಜ್ಜಿ ಅವನಿಗೆ ಹೇಳಿದ್ದು ಇಷ್ಟೇ: "ತಿಕ್ಕೋನು ಅವನ, ನಾನಲ್ಲ."

೩. ಬಂಗಾರ ಬಂತು

ಭಾನುವಾರ ಅಜ್ಜಿ ಮೊಮ್ಮಗಳನ್ನು ಕಟ್ಟಿಕೊಂಡು ಬಂದಳು. ನಾನು ಹೇಳಿ ಕಳಿಸಿದ್ದಕ್ಕೆ ಮೇಷ್ಟ್ರೂ ಬಂದರು. ಗಂಟಿನಲ್ಲಿ ನಾಣ್ಯ ಹಾಗೇ ಮಸಿ ಹಿಡಿದು ಕೂತಿತ್ತು. ಮೇಷ್ಟ್ರು ಭೂತಗನ್ನಡಿ ಹಿಡಿದರು. ಕಮಲದ ಮೇಲೆ ಸೂರ್ಯ ಅರ್ಧವೇ ಇದ್ದ, ಇನ್ನರ್ಧ ಅಂಚಿನಾಚೆ ಹೋಗಿದ್ದ.

"ತಿಕ್ಕಿಲ್ಲ ಹೌದಲ್ಲಬೇ?"

ಅಜ್ಜಿ ನನ್ನತ್ತ ಬೆರಳು ತೋರಿಸಿದಳು. "ಇವ ತಿಕ್ಕತೀನಿ ಅಂದ. ನಾ ಬಿಡಲಿಲ್ಲ."

ಮೇಷ್ಟ್ರು ಹದಿನೈದು ರೂಪಾಯಿ ಎಣಿಸಿದರು. ಅಷ್ಟೂ ದುಡ್ಡಿಗೆ ಬಂಗಾರ ತೂಗಿ, ಕೂಲಿ ತಗೊಳ್ಳದೆ, ಸಾಸಿವೆಗಿಂತ ತುಸು ದೊಡ್ಡವು ಎರಡು ಗುಂಡು ಮಾಡಿದೆ. ಕೂಸಿನ ಕಿವಿಯಲ್ಲಿ ಅವು ಮಿಂಚಿದಾಗ ನನಗೇ ಕಣ್ಣು ತುಂಬಿತು. ನಾಣ್ಯದ ಸುದ್ದಿ ಮುಟ್ಟಿಸಿದವನು ನಾನೇ ಅಂತ ಎದೆಯುಬ್ಬಿಸಿ ಕೂತೆ.

ಅಜ್ಜಿ ಮೊಮ್ಮಗಳ ಕಿವಿ ನೋಡಿದಳು, ಆಮೇಲೆ ನನ್ನ ಒರೆಗಲ್ಲು ನೋಡಿದಳು.

"ನಾ ಅಂದಿದ್ದಿಲ್ಲೇನು, ಅದರಾಗ ಬಂಗಾರ ಐತಿ ಅಂತ? ಈಗಾದ್ರೂ ಕಲ್ಲು ಬದಲಿಸಪ್ಪ."